‘ಓರಾಟ’ ಅಂತ ನಗುವ ಮುನ್ನ

ಯಾವ ದಿನದ ಪತ್ರಿಕೆಯನ್ನೇ ತೆಗೆಯಿರಿ, ಜಿಲ್ಲಾ ಪುಟದಲ್ಲಿ ಒಂದು ವಾಕ್ಯ ಇದ್ದೇ ಇರುತ್ತದೆ: ‘ಬೇಡಿಕೆ ಈಡೇರಿಸದಿದ್ದರೆ ಉಗ್ರ ಹೋರಾಟ ನಡೆಸಲಾಗುವುದು ಎಂದು ಎಚ್ಚರಿಸಿದರು.’ ಅದರ ಮೇಲೊಂದು ಫೋಟೊ. ಹದಿನೈದು ಜನ ಸಾಲಾಗಿ ನಿಂತಿರುತ್ತಾರೆ, ತಹಶೀಲ್ದಾರರ ಕೈಯಲ್ಲಿ ಮನವಿ ಪತ್ರ. ಎಲ್ಲರೂ ಕ್ಯಾಮೆರಾ ನೋಡುತ್ತಿರುತ್ತಾರೆ, ಮನವಿ ಪತ್ರವನ್ನು ಮಾತ್ರ ಯಾರೂ ನೋಡುತ್ತಿರುವುದಿಲ್ಲ. ಹದಿನೈದು ದಿನ ಬಿಟ್ಟು ಅದೇ ಜನ, ಅದೇ ವಾಕ್ಯ. ಉಗ್ರ ಹೋರಾಟ ಮಾತ್ರ ಇನ್ನೂ ಬಂದಿರುವುದಿಲ್ಲ.

ಪತ್ರಿಕೆ ಮಡಚಿಟ್ಟು ಮೊಬೈಲ್ ಹಿಡಿದರೆ ಅಲ್ಲಿ ಇದೇ ಮಾತಿನ ಇನ್ನೊಂದು ಅವತಾರ. ‘ಉಟ್ಟು ಓರಾಟಗಾರ’. ಹಕಾರ ಹಾರಿಸಿ ಬರೆದ ಈ ಎರಡು ಪದಗಳನ್ನು ಯಾರ ಫೋಟೊ ಕೆಳಗೆ ಹಾಕಿದರೂ ನಗೆ ಗ್ಯಾರಂಟಿ. ಬೋರ್ಡಿನಲ್ಲಿ ಕನ್ನಡ ಬರಲಿ ಎಂದವನೂ ಓರಾಟಗಾರ, ಬಸ್ ಪಾಸಿಗೆ ಕೂಗಿದವನೂ ಓರಾಟಗಾರ. ನನ್ನ ವಯಸ್ಸಿನವರ ನಡುವೆ ಇದು ಈಗ ಬೈಗುಳಕ್ಕೆ ಹತ್ತಿರದ ಮಾತು. ಆದರೆ ನಮ್ಮ ತಾತಂದಿರ ಕಾಲದಲ್ಲಿ ಇದೇ ಪದಕ್ಕೆ ‘ಸ್ವಾತಂತ್ರ್ಯ’ ಸೇರಿಸಿದರೆ ಎದ್ದು ನಿಂತು ಕೈ ಮುಗಿಯುತ್ತಿದ್ದರು. ಸರ್ಕಾರ ಪಿಂಚಣಿಯನ್ನೂ ಕೊಟ್ಟಿತು. ಒಂದೇ ಪದ ಇಷ್ಟು ಎತ್ತರಕ್ಕೂ ಇಷ್ಟು ಕೆಳಕ್ಕೂ ಹೇಗೆ ಹೋಯಿತು ಎಂದು ಹುಡುಕಿಕೊಂಡು ಹೊರಟರೆ, ಉತ್ತರದ ಮೊದಲ ತುಂಡು ನಮ್ಮೂರ ಬಸ್ ನಿಲ್ದಾಣದಲ್ಲೇ ಸಿಗುತ್ತದೆ.

ರಾಂಪುರ ಇರುವುದು ಮೊಳಕಾಲ್ಮುರು ತಾಲ್ಲೂಕಿನಲ್ಲಿ, ಚಳ್ಳಕೆರೆಯಿಂದ ಬಳ್ಳಾರಿಗೆ ಹೋಗುವ ಹೆದ್ದಾರಿಯ ಮೇಲೆ. ಒಂದು ಕಡೆ ಬಳ್ಳಾರಿ, ಇನ್ನೊಂದು ಕಡೆ ಆಂಧ್ರದ ರಾಯದುರ್ಗ. ಇಲ್ಲಿ ಕನ್ನಡ ಮಾತಾಡುತ್ತ ಶುರುವಾದ ಜಗಳ ತೆಲುಗಿನಲ್ಲಿ ಮುಗಿಯಬಹುದು. ಬಸ್ಸಿಗೆ ಕಾಯುತ್ತ ಕುಳಿತರೆ ಮೂರು ರೂಪಗಳನ್ನು ಒಂದೇ ಕಲ್ಲುಬೆಂಚಿನ ಮೇಲೆ ಕೇಳಬಹುದು. ತೆಲುಗಿನ ಹಿರಿಯರ ಬಾಯಲ್ಲಿ ‘ಪೋರಾಟಂ’. ಕಾಲೇಜು ಓದಿದವರ ಬಾಯಲ್ಲಿ ‘ಹೋರಾಟ’. ಹಟ್ಟಿಯಿಂದ ಬಂದ ಅಜ್ಜಂದಿರ ಬಾಯಲ್ಲಿ ‘ಓರಾಟ’.

ಇವು ಮೂರು ಬೇರೆ ಪದಗಳಲ್ಲ, ಒಂದೇ ಪದದ ಮೂರು ವಯಸ್ಸು. ಹಳಗನ್ನಡದಲ್ಲಿ ‘ಪೋರ್’ ಎಂದರೆ ಕಾದಾಡು, ಸೆಣಸು. ತಮಿಳಿನಲ್ಲಿ ಇವತ್ತಿಗೂ ‘ಪೋರ್’ ಎಂದರೆ ಯುದ್ಧ, ‘ಪೋರಾಟ್ಟಂ’ ಎಂದರೆ ಹೋರಾಟ. ಮಲಯಾಳದಲ್ಲೂ ಹಾಗೆಯೇ. ತೆಲುಗಿನ ‘ಪೋರು’ ಮನೆಯೊಳಗೂ ಬರುತ್ತದೆ. ‘ಇಂಟಿ ಪೋರು’ ಎಂದರೆ ಮನೆಮಂದಿಯ ಕಿತ್ತಾಟ. ಹಳಗನ್ನಡ ನಡುಗನ್ನಡಕ್ಕೆ ತಿರುಗುವಾಗ ಪದದ ಮೊದಲ ಪಕಾರ ಹಕಾರವಾಯಿತು. ಪಾಲು ಹಾಲಾಯಿತು, ಪುಲಿ ಹುಲಿಯಾಯಿತು, ಪೂ ಹೂವಾಯಿತು. ಆ ಸಾಲಿನಲ್ಲೇ ‘ಪೋರು’ ‘ಹೋರು’ ಆಯಿತು. ದ್ರಾವಿಡ ನುಡಿಗಳ ಅಣ್ಣತಮ್ಮಂದಿರಲ್ಲಿ ತಮಿಳು, ತೆಲುಗು, ಮಲಯಾಳಗಳು ‘ಪ’ವನ್ನು ಉಳಿಸಿಕೊಂಡವು, ಕನ್ನಡ ‘ಹ’ಕ್ಕೆ ದಾಟಿತು.

ದಾಟಿದ್ದು ಅಲ್ಲಿಗೇ ನಿಲ್ಲಲಿಲ್ಲ. ‘ಪ’ ತುಟಿ ಮುಚ್ಚಿ ಬಿಡುವ ಸದ್ದು. ‘ಹ’ ಬರೀ ಉಸಿರು. ಆ ಉಸಿರನ್ನೂ ಬಿಟ್ಟರೆ ಉಳಿಯುವುದು ಸ್ವರ. ಹಾಲು ‘ಆಲು’, ಹೋಗು ‘ಓಗು’, ಹಟ್ಟಿ ‘ಅಟ್ಟಿ’ ಆಗುವುದು ಇದೇ ದಾರಿಯಲ್ಲಿ. ಹಾಗಾಗಿ ‘ಓರಾಟ’ ಎಂಬುದು ತಪ್ಪು ಉಚ್ಚಾರಣೆ ಅನ್ನುವುದಕ್ಕಿಂತ, ಸಾವಿರ ವರ್ಷದ ಹಿಂದೆ ಶುರುವಾದ ಪಯಣದ ಮುಂದಿನ ನಿಲ್ದಾಣ ಅನ್ನಬಹುದು. ‘ಪಾಲು’ ಅನ್ನುತ್ತಿದ್ದ ಯಾರೋ ಹಳಗನ್ನಡದ ಹಿರಿಯ, ‘ಹಾಲು’ ಅಂದ ತನ್ನ ಮೊಮ್ಮಗನನ್ನು ನೋಡಿ ಹೀಗೇ ನಕ್ಕಿರಲಿಕ್ಕೂ ಸಾಕು. ನಾವು ಇವತ್ತು ‘ಶುದ್ಧ ಕನ್ನಡ’ ಎನ್ನುತ್ತಿರುವುದು ಆ ಮೊಮ್ಮಗನ ಕನ್ನಡವನ್ನು.

ಇನ್ನು ‘ಆಟ’ದ ಮಾತು. ಹೋರಾಟದೊಳಗೆ ಆಟ ಇದೆ, ಆದ್ದರಿಂದಲೇ ನಮ್ಮವರು ಹೋರಾಟವನ್ನು ಆಟ ಮಾಡಿಕೊಂಡಿದ್ದಾರೆ ಎಂಬ ಜೋಕು ಹಳೆಯದು. ಹೋರಾಡು, ಓಡಾಡು, ಕಿತ್ತಾಡು, ಪರದಾಡು – ಇಲ್ಲೆಲ್ಲ ‘ಆಡು’ ಎಂಬುದು ಕ್ರಿಯೆ ಒಂದೇ ಸಲಕ್ಕೆ ಮುಗಿಯದೆ ಮತ್ತೆ ಮತ್ತೆ, ಹಿಂದೆ ಮುಂದೆ ನಡೆಯುತ್ತದೆ ಎಂದು ಹೇಳುತ್ತದೆ. ಓಡುವವನಿಗೆ ಒಂದು ಗುರಿ, ಓಡಾಡುವವನಿಗೆ ಹತ್ತು ಸಲದ ತಿರುಗಾಟ. ತಾಲ್ಲೂಕು ಕಚೇರಿಗೆ ಒಂದು ಜಾತಿ ಪ್ರಮಾಣಪತ್ರಕ್ಕಾಗಿ ಓಡಾಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ಹೋರಾಟವೂ ಅಂಥದ್ದೇ. ಒಂದು ಏಟಿಗೆ ಮುಗಿಯುವುದಕ್ಕೆ ಆ ಹೆಸರಿಲ್ಲ.

ಪದಕ್ಕೆ ನಿಜವಾದ ತೊಂದರೆ ಬಂದದ್ದು ‘ಗಾರ’ ಸೇರಿದಾಗ ಎಂದು ನನಗೆ ಅನ್ನಿಸುತ್ತದೆ. ಕನ್ನಡದಲ್ಲಿ ‘ಗಾರ’ ಬಾಲ ಹತ್ತಿದರೆ ಕೆಲವು ಕಡೆ ಅದು ಕಸುಬು: ಬೇಟೆಗಾರ, ಹಾಡುಗಾರ. ಕೆಲವು ಕಡೆ ಚಾಳಿ: ಮೋಸಗಾರ, ಜಗಳಗಾರ. ಇನ್ನು ಕೆಲವು ಕಡೆ ಸದ್ಯದ ಸ್ಥಿತಿ ಮಾತ್ರ. ಸಾಲಗಾರ ಸಾಲ ತೀರಿಸಿದ ದಿನ ಸಾಲಗಾರನಾಗಿ ಉಳಿಯುವುದಿಲ್ಲ. ಹೋರಾಟಗಾರ ಇವುಗಳಲ್ಲಿ ಯಾವುದು? ಸ್ವಾತಂತ್ರ್ಯ ಹೋರಾಟಗಾರ ಸಾಲಗಾರನ ಜಾತಿಯವನು, ಸ್ವಾತಂತ್ರ್ಯ ಬಂದ ಮೇಲೆ ಅವನ ಕೆಲಸ ಮುಗಿಯಿತು. ವಿಸಿಟಿಂಗ್ ಕಾರ್ಡಿನಲ್ಲಿ ಹೆಸರಿನ ಕೆಳಗೆ ‘ಹೋರಾಟಗಾರರು’ ಎಂದು ಅಚ್ಚು ಹಾಕಿಸಿಕೊಂಡವರು ಬೇಟೆಗಾರನ ಜಾತಿಗೆ ಸೇರುತ್ತಾರೆ. ಬೇಡಿಕೆ ಈಡೇರಿದರೂ ಅವರಿಗೆ ನಾಳೆ ಮತ್ತೊಂದು ಬೇಟೆ ಬೇಕು. ಜನ ನಗುವುದು ಈ ಎರಡನೆಯವರನ್ನು ನೋಡಿ. ಆದರೆ ಪದ ಒಂದೇ ಆದ್ದರಿಂದ ಏಟು ಬೀಳುವುದು ಮೊದಲನೆಯವರಿಗೂ.

ಇದೇ ಬೀದಿಯಲ್ಲಿ ವಾಸವಾಗಿರುವ ಬೇರೆ ಪದಗಳನ್ನೂ ಸ್ವಲ್ಪ ಮಾತಾಡಿಸಬೇಕು, ಏಕೆಂದರೆ ಇವುಗಳಲ್ಲಿ ಹೆಚ್ಚಿನವು ಹೊರಗಿನಿಂದ ಬಂದವು. ಚಳವಳಿ ನಮಗೆ ಮರಾಠಿಯ ‘ಚಳವಳ’ದಿಂದ ಬಂತು. ಅಲುಗಾಟ, ಚಲನೆ ಅದರ ಮೂಲ ಅರ್ಥ. ಧರಣಿ ಹಿಂದಿಯ ‘ಧರ್‌ನಾ’ ಕಡೆಯಿಂದ ಬಂತು, ಬಂದು ನಮ್ಮ ಭೂಮಿಯ ಹೆಸರಿನಲ್ಲಿ ಸೇರಿಹೋಯಿತು. ಹೇಗಿದ್ದರೂ ಕೂರುವುದು ನೆಲದ ಮೇಲೇ ಆದ್ದರಿಂದ ಯಾರಿಗೂ ಅನುಮಾನ ಬರಲಿಲ್ಲ! ಧರಣಿ ಮೊದಲು ಸರ್ಕಾರದ ವಿರುದ್ಧದ ಅಸ್ತ್ರವೇ ಆಗಿರಲಿಲ್ಲ. ಸಾಲ ಕೊಟ್ಟವನು ಸಾಲ ತೀರಿಸದವನ ಮನೆ ಬಾಗಿಲಲ್ಲಿ ಊಟ ಬಿಟ್ಟು ಕೂರುವುದು ಹಳೆಯ ಪದ್ಧತಿ. ಕೂತವನಿಗೆ ಏನಾದರೂ ಆದರೆ ಪಾಪ ಮನೆಯವನಿಗೆ. ಬ್ರಿಟಿಷರಿಗೆ ಇದು ಎಷ್ಟು ತಲೆನೋವಾಗಿತ್ತೆಂದರೆ 1860ರ ಭಾರತೀಯ ದಂಡ ಸಂಹಿತೆಯ 508ನೇ ಕಲಮಿನಲ್ಲಿ, ದೇವರ ಕೋಪದ ಭಯ ಹುಟ್ಟಿಸುವ ಅಪರಾಧಕ್ಕೆ ಉದಾಹರಣೆಯಾಗಿ ‘ಬಾಗಿಲಲ್ಲಿ ಧರಣಿ ಕೂರುವುದನ್ನೇ’ ಕೊಟ್ಟರು.

ಸಂಘರ್ಷ ಎಂದರೆ ಉಜ್ಜಾಟ. ನಾವು ಫಿಸಿಕ್ಸ್‌ನಲ್ಲಿ ಓದುವ ಘರ್ಷಣೆ ಅದರ ಹತ್ತಿರದ ನೆಂಟ. 1970ರ ದಶಕದಲ್ಲಿ ಭದ್ರಾವತಿಯ ಬಿ. ಕೃಷ್ಣಪ್ಪ ಮತ್ತು ಗೆಳೆಯರು ಕಟ್ಟಿದ ಸಂಘಟನೆಗೆ ‘ದಲಿತ ಸಂಘರ್ಷ ಸಮಿತಿ’ ಎಂದು ಹೆಸರಿಟ್ಟದ್ದು ಎಷ್ಟು ಸರಿಯಾದ ಆಯ್ಕೆ ಎಂದು ಎಂಜಿನಿಯರಿಂಗ್ ವಿದ್ಯಾರ್ಥಿಯಾಗಿ ನನಗೆ ಆಗಾಗ ಅನ್ನಿಸಿದೆ. ಘರ್ಷಣೆ ಬಿಸಿ ಹುಟ್ಟಿಸುತ್ತದೆ, ನಿಜ. ಅದಿಲ್ಲದಿದ್ದರೆ ನೆಲದ ಮೇಲೆ ಒಂದು ಹೆಜ್ಜೆ ಮುಂದಿಡಲೂ ಆಗುವುದಿಲ್ಲ ಎನ್ನುವುದೂ ನಿಜ.

ಎಲ್ಲಕ್ಕಿಂತ ವಿಚಿತ್ರ ಕಥೆ ಮುಷ್ಕರದ್ದು. ಕನ್ನಡ ಪತ್ರಿಕೆಯಲ್ಲಿ ‘ಸಾರಿಗೆ ನೌಕರರ ಮುಷ್ಕರ’ ಎಂದು ಓದಿದರೆ ನಮಗೆ ತಲೆಗೆ ಬರುವುದು ಡಿಪೊದಲ್ಲಿ ನಿಂತ ಬಸ್ಸುಗಳು. ಅದೇ ನಿಲ್ದಾಣದ ಅಂಗಡಿಯಲ್ಲಿ ನೇತು ಹಾಕಿದ ತೆಲುಗು ಪತ್ರಿಕೆಯಲ್ಲಿ ‘ಮುಷ್ಕರುಲು’ ಎಂದು ದಪ್ಪ ಅಕ್ಷರದಲ್ಲಿ ಇದ್ದರೆ ಅದು ಭಯೋತ್ಪಾದಕರ ಸುದ್ದಿ! ಮುಷ್ಕರ ಎಂದರೆ ಮೊದಲಿಗೆ ಹಠ, ಮೊಂಡುತನ. ತೆಲುಗು ಆ ಮೊಂಡನನ್ನು ದುಷ್ಟನನ್ನಾಗಿಸಿ, ದುಷ್ಟನ ಕೈಗೆ ಬಂದೂಕು ಕೊಟ್ಟಿತು. ಕನ್ನಡ ಅದೇ ಮೊಂಡುತನವನ್ನು ಕಾರ್ಮಿಕನ ಕೈಗೆ ಕೊಟ್ಟು, ಕೆಲಸ ನಿಲ್ಲಿಸಿ ಸುಮ್ಮನೆ ಕೂರಿಸಿತು. ಗಾಂಧೀಜಿ ದಕ್ಷಿಣ ಆಫ್ರಿಕಾದಲ್ಲಿ ತಮ್ಮ ಚಳವಳಿಗೆ ಸರಿಯಾದ ಹೆಸರು ಹುಡುಕುತ್ತ ಪತ್ರಿಕೆಯಲ್ಲಿ ಬಹುಮಾನ ಘೋಷಿಸಿದಾಗ ಮಗನ್‌ಲಾಲ್ ಗಾಂಧಿ ‘ಸದಾಗ್ರಹ’ ಎಂದು ಸೂಚಿಸಿದರು, ಗಾಂಧೀಜಿ ಅದನ್ನು ‘ಸತ್ಯಾಗ್ರಹ’ ಎಂದು ತಿದ್ದಿಕೊಂಡರು. ಅದರೊಳಗಿನ ‘ಆಗ್ರಹ’ವೂ ಹಠವೇ, ಪಟ್ಟು ಹಿಡಿಯುವುದೇ. ಮುಷ್ಕರ, ಸತ್ಯಾಗ್ರಹ ಎರಡರ ಒಳಗೂ ಒಂದೇ ಮೊಂಡುತನ ಕೂತಿದೆ.

ಇಂಗ್ಲಿಷ್‌ನ ‘ಮಿಲಿಟೆಂಟ್’ ಕಥೆಯೂ ತೆಲುಗಿನ ಮುಷ್ಕರನ ಹಾಗೆಯೇ. ಲ್ಯಾಟಿನ್‌ನಲ್ಲಿ ‘ಮಿಲೆಸ್’ ಎಂದರೆ ಸೈನಿಕ, ಮಿಲಿಟರಿಯೂ ಅಲ್ಲಿಂದಲೇ ಬಂದದ್ದು. ಒಂದು ಕಾಲದಲ್ಲಿ ಕ್ರೈಸ್ತ ಧರ್ಮದವರು ಪಾಪದ ವಿರುದ್ಧ ಸೆಣಸುವ ಭಕ್ತರ ಸಮೂಹವನ್ನೇ ಈ ಪದದಿಂದ ಕರೆದರು. ಆಮೇಲೆ ಯೂನಿಯನ್ ನಾಯಕರಿಗೆ ಬಂತು. ಈಗ ಟಿ.ವಿಯಲ್ಲಿ ಕಾಶ್ಮೀರದ ಸುದ್ದಿ ಬಂದಾಗ ಮಾತ್ರ ಕೇಳುತ್ತದೆ. ಕನ್ನಡದ ಹೋರಾಟ ನಡೆದದ್ದು ಇದಕ್ಕೆ ಉಲ್ಟಾ. ಹುಟ್ಟಿದ್ದು ಕತ್ತಿಯ ಜೊತೆ, ಬೆಳೆಯುತ್ತ ಕತ್ತಿ ಕೆಳಗಿಟ್ಟಿತು. ಇದಕ್ಕೆ ಸಾಕ್ಷಿ ಭಾಷೆಯಲ್ಲೇ ಇದೆ. ಇವತ್ತು ಬಂದೂಕಿನ ಹೋರಾಟದ ಬಗ್ಗೆ ಬರೆಯಬೇಕಾದರೆ ‘ಸಶಸ್ತ್ರ ಹೋರಾಟ’ ಎಂದು ಬೇರೆಯಾಗಿ ಹೇಳಬೇಕು. ತೆಲುಗರೂ ತೆಲಂಗಾಣದ 1946–51ರ ರೈತ ದಂಗೆಯನ್ನು ‘ಸಾಯುಧ ಪೋರಾಟಂ’ ಎಂದೇ ಕರೆಯುತ್ತಾರೆ. ಆಯುಧ ಇದ್ದರೆ ಅದನ್ನು ಹೇಳಬೇಕು. ಬರೀ ಹೋರಾಟ ಎಂದರೆ ಆಯುಧ ಇಲ್ಲ ಎಂದೇ ಅರ್ಥ.

ಕತ್ತಿ ಬಿದ್ದದ್ದು ಸ್ವಾತಂತ್ರ್ಯದ ಕಾಲದಲ್ಲಿ. ನಮ್ಮ ಜಿಲ್ಲೆಯ ಪಾಲೂ ಅದರಲ್ಲಿದೆ. 1939ರಲ್ಲಿ ಚಿತ್ರದುರ್ಗದ ಹತ್ತಿರದ ತುರುವನೂರಿನಲ್ಲಿ ಅರಣ್ಯ ಸತ್ಯಾಗ್ರಹ ನಡೆಯಿತು. ಜನ ಹೋಗಿ ಈಚಲು ಮರಗಳನ್ನು ಕಡಿದರು. ಹೆಂಡದ ವಿರುದ್ಧ, ಹೆಂಡದ ಸುಂಕದಿಂದ ಖಜಾನೆ ತುಂಬಿಕೊಳ್ಳುವ ಸರ್ಕಾರದ ವಿರುದ್ಧ. ಕೈಯಲ್ಲಿ ಕೊಡಲಿ ಇತ್ತು, ಆದರೆ ಅದು ಬಿದ್ದದ್ದು ಮರದ ಮೇಲೆ. ಆಗ ಚಿತ್ರದುರ್ಗದಲ್ಲಿ ವಕೀಲರಾಗಿದ್ದ ಎಸ್. ನಿಜಲಿಂಗಪ್ಪ ಈ ಸತ್ಯಾಗ್ರಹದಲ್ಲಿ ಜೈಲಿಗೆ ಹೋದರು, ವಕೀಲಿ ಸನ್ನದನ್ನೂ ಕಳೆದುಕೊಂಡರು. ಮುಂದೆ ಅವರು ಮುಖ್ಯಮಂತ್ರಿಯಾದದ್ದು ನಮಗೆ ಗೊತ್ತು. ನಡುವಯಸ್ಸಿಗೆ ಹತ್ತಿರ ಬಂದ ಒಬ್ಬ ವಕೀಲ ತನ್ನ ಕಸುಬಿನ ಲೈಸೆನ್ಸ್ ಕಳೆದುಕೊಂಡದ್ದರ ಭಾರ ನೌಕರಿ ಹುಡುಕುವವರಿಗೆ ಹೆಚ್ಚು ಅರ್ಥವಾದೀತು.

ಕತ್ತಿ ಕೆಳಗಿಡುವ ವಿಷಯದಲ್ಲಿ ನಮ್ಮ ತಾಲ್ಲೂಕಿಗೆ ಇನ್ನೂ ಹಳೆಯ ದಾಖಲೆ ಇದೆ. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ – ಈ ಮೂರೂ ಕಡೆ ಬಂಡೆಗಳ ಮೇಲೆ ಅಶೋಕನ ಶಾಸನಗಳಿವೆ. ಬಿ.ಎಲ್. ರೈಸ್ 1892ರಲ್ಲಿ ಅವನ್ನು ಬೆಳಕಿಗೆ ತಂದರು. ಶಾಲೆಯಿಂದ ಪಿಕ್ನಿಕ್ ಹೋಗಿ ಬಂಡೆಯ ಮೇಲೆ ಹತ್ತಿ ಇಳಿದು ಬಂದವರಿಗೆ ಅಲ್ಲಿ ಏನು ಬರೆದಿದೆ ಎಂದು ಯಾರೂ ಹೇಳುವುದಿಲ್ಲ. ಕಳಿಂಗದ ರಕ್ತ ನೋಡಿ ಯುದ್ಧ ಬಿಟ್ಟ ದೊರೆ ಅಲ್ಲಿ ಬಳಸುವ ಮುಖ್ಯ ಪದ ಪ್ರಾಕೃತದ ‘ಪಕಮ’. ಪ್ರಕ್ರಮ, ಪರಾಕ್ರಮ ಇವೆಲ್ಲ ಅದರ ಬಳಗ. ಆದರೆ ಶಾಸನದಲ್ಲಿ ಅದರ ಅರ್ಥ ಶೌರ್ಯ ಅಲ್ಲ, ಬಿಡದೆ ಮಾಡುವ ಪ್ರಯತ್ನ. ಅದು ದೊಡ್ಡವರಿಗೆ ಮಾತ್ರ ಸಿಗುವಂಥದ್ದಲ್ಲ, ಸಣ್ಣವರೂ ಮಾಡಬಹುದು ಎಂದು ದೊರೆ ಹೇಳುತ್ತಾನೆ. ‘ಪೋರ್’ಗೂ ‘ಪಕಮ’ಕ್ಕೂ ಮೂಲದಲ್ಲಿ ಏನೂ ಸಂಬಂಧವಿಲ್ಲ. ರಣರಂಗದ ವಾಸನೆಯ ಪದವೊಂದು ಆಯುಧವಿಲ್ಲದ ಕೆಲಸಕ್ಕೆ ಬಂದದ್ದು ಮಾತ್ರ ಎರಡರ ಕಥೆಯಲ್ಲೂ ಇದೆ.

ಹಾಗಂತ ಎಲ್ಲ ಹೋರಾಟವೂ ಕೈಕಟ್ಟಿ ಕೂತದ್ದಲ್ಲ. 1980ರ ಜುಲೈ 21ರಂದು ನರಗುಂದ, ನವಲಗುಂದಗಳಲ್ಲಿ ನಡೆದದ್ದು ಎಲ್ಲರಿಗೂ ಗೊತ್ತಿರಬೇಕಾದ್ದು. ಮಲಪ್ರಭಾ ನೀರಾವರಿ ಪ್ರದೇಶದ ರೈತರ ಮೇಲೆ ಅಭಿವೃದ್ಧಿ ಕರ ಹೇರಿದ್ದರು. ನೀರು ಸರಿಯಾಗಿ ಬಾರದ ಹೊಲಕ್ಕೂ ಕರ. ರೈತರು ತಿರುಗಿಬಿದ್ದರು, ಪೊಲೀಸರು ಗುಂಡು ಹಾರಿಸಿದರು, ಜೀವಗಳು ಹೋದವು. ಇವತ್ತಿಗೂ ಆ ದಿನವನ್ನು ರೈತ ಹುತಾತ್ಮ ದಿನ ಎಂದು ಆಚರಿಸುತ್ತಾರೆ. ಅದೇ ವರ್ಷ ಕರ್ನಾಟಕ ರಾಜ್ಯ ರೈತ ಸಂಘ ಹುಟ್ಟಿತು. ಕಾನೂನು ಪ್ರಾಧ್ಯಾಪಕರಾಗಿದ್ದ ಎಂ.ಡಿ. ನಂಜುಂಡಸ್ವಾಮಿ ಅದರ ದೊಡ್ಡ ದನಿಯಾದರು. 1992ರ ಡಿಸೆಂಬರಿನಲ್ಲಿ ಸಂಘದ ರೈತರು ಬೆಂಗಳೂರಿನಲ್ಲಿ ಬೀಜ ಕಂಪನಿ ಕಾರ್ಗಿಲ್‌ನ ಕಚೇರಿಗೆ ನುಗ್ಗಿ ಕಡತಗಳನ್ನು ಹೊರಗೆಸೆದು ಸುಟ್ಟರು. ಮರುವರ್ಷ ಬಳ್ಳಾರಿ ಜಿಲ್ಲೆಯಲ್ಲಿ ಕಟ್ಟುತ್ತಿದ್ದ ಅದೇ ಕಂಪನಿಯ ಬೀಜ ಘಟಕವನ್ನು ಕೆಡವಿದರು. ಜೀವ ಇರುವುದಕ್ಕೆ ನೋವು ಮಾಡುವುದು ಹಿಂಸೆ, ಜೀವವಿಲ್ಲದ ವಸ್ತುವಿಗೆ ಮಾಡುವುದು ಹಿಂಸೆಯಲ್ಲ ಎಂಬುದು ಸಂಘದ ನಿಲುವಾಗಿತ್ತು.

ಈ ನಿಲುವನ್ನು ನಾನು ಪೂರ್ತಿ ಒಪ್ಪಲಾರೆ. ಗಾಜಿಗೆ ನೋವಾಗುವುದಿಲ್ಲ, ಸರಿ. ಆದರೆ ಗಾಜು ಒಡೆಯುವಾಗ ಒಳಗೆ ಕೂತಿದ್ದ ಗುಮಾಸ್ತನ ಎದೆ ಬಡಿತಕ್ಕೆ ಯಾವ ಹೆಸರು? ಬಂದ್ ದಿನ ಕಲ್ಲು ಬೀಳುವುದು ದೊಡ್ಡ ಕಂಪನಿಯ ಕಟ್ಟಡಕ್ಕಿಂತ ಹೆಚ್ಚಾಗಿ ಸಾಲ ಮಾಡಿ ಕೊಂಡ ಆಟೊದ ಮೇಲೆ. ಹಾಗಿದ್ದೂ ಒಂದು ವ್ಯತ್ಯಾಸ ಕಾಣುತ್ತದೆ. ರೈತ ಸಂಘದವರು ತಾವು ಮಾಡಿದ್ದನ್ನು ಮುಖ ಮುಚ್ಚಿಕೊಳ್ಳದೆ, ಹೆಗಲ ಮೇಲೆ ಹಸಿರು ಶಾಲು ಹಾಕಿಕೊಂಡು ಮಾಡಿದರು, ಬಂಧನಕ್ಕೆ ಒಳಗಾದರು. ಕಲ್ಲು ಎಸೆದು ಗುಂಪಿನೊಳಗೆ ಕರಗಿಹೋಗುವವರಿಗೆ ‘ಹೋರಾಟ’ ಪದವನ್ನು ಕೊಡಲು ನನಗೆ ಮನಸ್ಸಿಲ್ಲ. ಕನ್ನಡದಲ್ಲಿ ಅದಕ್ಕೆ ‘ದಾಂಧಲೆ’ ಎಂಬ ಬೇರೆ ಪದವೇ ಇದೆ.

ಗಾಜಿನ ಪ್ರಶ್ನೆ ನಮ್ಮಲ್ಲಿ ಮಾತ್ರ ಎದ್ದದ್ದಲ್ಲ. ನೂರು ವರ್ಷಗಳ ಹಿಂದೆ ಇಂಗ್ಲೆಂಡಿನಲ್ಲಿ ಮತದ ಹಕ್ಕು ಕೇಳಿದ ಹೆಂಗಸರೂ ಕಿಟಕಿ ಗಾಜು ಒಡೆದಿದ್ದರು. ಅವರಿಗೆ 1906ರಲ್ಲಿ ‘ಡೈಲಿ ಮೇಲ್’ ಪತ್ರಿಕೆ ‘ಸಫ್ರಜೆಟ್’ ಎಂದು ಹೆಸರಿಟ್ಟಿತು. ‘ಎಟ್’ ಎಂಬ ಬಾಲ ಅಲ್ಲಿ ಚಿಕ್ಕದ್ದು, ನಕಲಿ ಎಂಬ ಭಾವ ಕೊಡುತ್ತದೆ. ನಮ್ಮಲ್ಲಿ ಹಕಾರ ಹಾರಿಸಿ ಅಣಕಿಸಿದ ಹಾಗೆ ಅಲ್ಲಿ ಬಾಲ ಅಂಟಿಸಿ ಅಣಕಿಸಿದರು. ಆ ಹೆಂಗಸರು ಪದವನ್ನು ವಾಪಸ್ ಎಸೆಯಲಿಲ್ಲ, ಎತ್ತಿಕೊಂಡರು. 1912ರಲ್ಲಿ ಅದೇ ಹೆಸರಿನಲ್ಲಿ ಪತ್ರಿಕೆ ತಂದರು. 1918ರಲ್ಲಿ ಮೂವತ್ತು ದಾಟಿದ ಕೆಲವು ಹೆಂಗಸರಿಗೆ, 1928ರಲ್ಲಿ ಗಂಡಸರಷ್ಟೇ ಸಮನಾಗಿ ಮತ ಬಂತು. ಅಣಕದ ಪದ ಇವತ್ತು ಇತಿಹಾಸ ಪುಸ್ತಕದಲ್ಲಿ ಗೌರವದ ಪದ.

ನಮ್ಮ ‘ಓರಾಟ’ಕ್ಕೆ ಅಂಥ ಅದೃಷ್ಟ ಬರುವುದೋ ಇಲ್ಲವೋ. ಅದರ ನಗೆಯಲ್ಲಿ ಇನ್ನೊಂದು ಮುಳ್ಳು ಇದೆ. ‘ಓರಾಟ’ ಎಂದು ನಿಜವಾಗಿ ಮಾತಾಡುವವರು ಯಾರು? ಹಕಾರವನ್ನು ತಿದ್ದಿ ತಿದ್ದಿ ಕಲಿಸುವ ಮೇಷ್ಟ್ರು ಸಿಗದವರು. ಕಾವಲಿನಲ್ಲಿ ಕುರಿ ಮೇಯಿಸುವವರು, ಕಂಬಳಿ ನೇಯುವವರು, ಶೇಂಗಾ ಬಿಡಿಸಲು ಹೋಗುವವರು. ನಕಲಿ ನಾಯಕನನ್ನು ಗೇಲಿ ಮಾಡಲು ನಾವು ಅವನ ನಕಲಿತನವನ್ನು ಹಿಡಿಯಬೇಕಿತ್ತು, ಸುಲಭಕ್ಕೆ ಸಿಕ್ಕ ಹಳ್ಳಿಯ ನಾಲಗೆಯನ್ನು ಹಿಡಿದೆವು. ಚಳ್ಳಕೆರೆ ತಾಲ್ಲೂಕಿನ ದೊಡ್ಡ ಉಳ್ಳಾರ್ತಿ ಸುತ್ತಿನ ಅಮೃತ ಮಹಲ್ ಕಾವಲಿನ ಸಾವಿರಾರು ಎಕರೆ ಹುಲ್ಲುಗಾವಲು ರಕ್ಷಣಾ ಮತ್ತು ವಿಜ್ಞಾನ ಸಂಸ್ಥೆಗಳಿಗೆ ಹೋದಾಗ ಕುರಿ, ದನ ಕಟ್ಟಿಕೊಂಡವರು ಸಮಿತಿ ಮಾಡಿಕೊಂಡರು, ವಿಷಯ ಹಸಿರು ನ್ಯಾಯಮಂಡಳಿವರೆಗೆ ಹೋಯಿತು. ಹುಲ್ಲುಗಾವಲು ಹಿಂತಿರುಗಲಿಲ್ಲ. 2017ರಲ್ಲಿ ಅಲ್ಲಿ ಡಿಆರ್‌ಡಿಒದ ವೈಮಾನಿಕ ಪರೀಕ್ಷಾ ಕೇಂದ್ರ ಉದ್ಘಾಟನೆಯಾಯಿತು. ಏರೋನಾಟಿಕಲ್ ಓದುವ ನನ್ನ ಗೆಳೆಯರಿಗೆ ಅದು ಕನಸಿನ ಜಾಗ, ಅದರಲ್ಲಿ ತಪ್ಪೇನಿಲ್ಲ. ಆದರೆ ಅದರ ಬೇಲಿಯ ಹೊರಗೆ ನಿಂತು ‘ಓರಾಟ ಮಾಡಿದ್ವಿ ಕಣಪ್ಪ, ಏನೂ ಆಗಲಿಲ್ಲ’ ಎನ್ನುವ ಅಜ್ಜನ ಮುಂದೆ ಆ ಮೀಮ್ ತೋರಿಸಲು ಸಾಧ್ಯವೇ?

ಪದದ ಹೆದರಿಕೆ ಕಾಲೇಜುಗಳಲ್ಲೂ ಇದೆ. ಹೆಸರು ಬೇಡ, ಒಂದು ಹಾಸ್ಟೆಲ್‌ನಲ್ಲಿ ಕುಡಿಯುವ ನೀರಿನ ಫಿಲ್ಟರ್ ಕೆಟ್ಟು ತಿಂಗಳಾಗಿತ್ತು. ಅರ್ಜಿ ಬರೆಯಲು ಕೂತೆವು. ಒಬ್ಬ ‘ಹೋರಾಟ ಮಾಡಬೇಕಾಗುತ್ತದೆ’ ಎಂದು ಕೊನೆಯ ಸಾಲಿನಲ್ಲಿ ಸೇರಿಸಿದ. ಅಂತಿಮ ವರ್ಷದ ಅಣ್ಣ ಒಬ್ಬರು ಅದನ್ನು ಹೊಡೆದುಹಾಕಿದರು. ‘ಲೇ, ಆ ಪದ ಬೇಡ. ಪ್ಲೇಸ್‌ಮೆಂಟ್‌ಗೆ ಕೂರಬೇಕು ನಾನು.’ ಹೋರಾಟ ಹೋಗಿ ‘ಕಳಕಳಿಯ ಮನವಿ’ ಬಂತು. ಮನವಿಗೆ ಉತ್ತರ ಬರಲಿಲ್ಲ. ಆಮೇಲೆ ಒಂದು ಬೆಳಿಗ್ಗೆ ನೂರ ಇಪ್ಪತ್ತು ಹುಡುಗರು ಖಾಲಿ ಬಾಟಲಿ ಹಿಡಿದು ವಾರ್ಡನ್ ಕೋಣೆಯ ಮುಂದೆ ಸಾಲಾಗಿ ನಿಂತರು. ಘೋಷಣೆ ಇಲ್ಲ, ಬ್ಯಾನರ್ ಇಲ್ಲ. ಎರಡು ದಿನದಲ್ಲಿ ಹೊಸ ಫಿಲ್ಟರ್ ಬಂತು. ಅದನ್ನು ಏನೆಂದು ಕರೆಯಬೇಕೆಂದು ಯಾರೂ ಚರ್ಚೆ ಮಾಡಲಿಲ್ಲ. ಆ ಅಣ್ಣನೂ ಸಾಲಿನಲ್ಲಿದ್ದರು, ಬಾಟಲಿ ಎಲ್ಲರಿಗಿಂತ ದೊಡ್ಡದು ತಂದಿದ್ದರು.

ನೌಕರಿ ಹುಡುಕುವವರಿಗಂತೂ ಈ ಪದದಿಂದ ದೂರ ಇರುವ ಅನುಕೂಲ ಇಲ್ಲವೇ ಇಲ್ಲ. 2024ರ ಆಗಸ್ಟ್ 27ರಂದು ಕೆಪಿಎಸ್‌ಸಿ ನಡೆಸಿದ 384 ಗೆಜೆಟೆಡ್ ಪ್ರೊಬೇಷನರ್ ಹುದ್ದೆಗಳ ಪೂರ್ವಭಾವಿ ಪರೀಕ್ಷೆಯನ್ನು ನೆನಪಿಸಿಕೊಳ್ಳಿ. ಪ್ರಶ್ನೆಪತ್ರಿಕೆಯ ಕನ್ನಡ ಅನುವಾದ ಎಷ್ಟು ಕೆಟ್ಟಿತ್ತೆಂದರೆ ಕನ್ನಡ ಮಾಧ್ಯಮದವರು ಇಂಗ್ಲಿಷ್ ಓದಿ ಕನ್ನಡ ಅರ್ಥ ಮಾಡಿಕೊಳ್ಳಬೇಕಾಯಿತು. ಲೈಬ್ರರಿಯಲ್ಲಿ ತಲೆ ತಗ್ಗಿಸಿ ಓದುತ್ತಿದ್ದವರು ಬೀದಿಗೆ ಬಂದರು. ಕನ್ನಡ ಸಂಘಟನೆಗಳು – ನಾವು ‘ಓರಾಟಗಾರರು’ ಎಂದು ನಗುವ ಅದೇ ಜನ – ಜೊತೆಗೆ ನಿಂತರು. ಸರ್ಕಾರ ಮರುಪರೀಕ್ಷೆಗೆ ಒಪ್ಪಿತು. ಡಿಸೆಂಬರ್ 29ರಂದು ಮತ್ತೆ ಪರೀಕ್ಷೆ ನಡೆಯಿತು. ಮತ್ತೆ ಅನುವಾದದಲ್ಲಿ ತಪ್ಪುಗಳು, ಮತ್ತೆ ಪ್ರತಿಭಟನೆ. ‘ಆಡು’ ಎಂಬ ಬಾಲ ಮತ್ತೆ ಮತ್ತೆ ಎಂಬುದನ್ನು ಹೇಳುತ್ತದೆ ಎಂದೆನಲ್ಲ, ಹೀಗೆ.

ನಮ್ಮೂರಿಗೆ ಇನ್ನೂ ಹತ್ತಿರದ ಉದಾಹರಣೆ 371ಜೆ. ರಾಂಪುರ ದಾಟಿ ಬಳ್ಳಾರಿ ಕಡೆಗೆ ಹೊರಟರೆ ಸ್ವಲ್ಪ ಹೊತ್ತಿನಲ್ಲೇ ಜಿಲ್ಲೆಯ ಗಡಿ. ಗಡಿಯ ಎರಡೂ ಕಡೆ ಅದೇ ಎರೆಹೊಲ, ಅದೇ ಜಾಲಿ, ಅದೇ ಬರ. ಆದರೆ ಆ ಕಡೆಯ ಊರಿನ ಹುಡುಗನಿಗೆ ತನ್ನ ಭಾಗದ ಸರ್ಕಾರಿ ನೌಕರಿಯಲ್ಲಿ ಎ, ಬಿ ಗುಂಪಿಗೆ ಶೇ 75, ಸಿ ಗುಂಪಿಗೆ ಶೇ 80, ಡಿ ಗುಂಪಿಗೆ ಶೇ 85 ಮೀಸಲು. ಸಿಇಟಿ ಬರೆದರೆ ಉಳಿದ ಕರ್ನಾಟಕದ ಕಾಲೇಜುಗಳಲ್ಲೂ ಶೇ 8 ಸೀಟು. ಇದು ತಾನಾಗಿ ಬಂದ ವರವಲ್ಲ. ಮಾಜಿ ಸಚಿವ ವೈಜನಾಥ ಪಾಟೀಲರು ‘ಹೈದರಾಬಾದ್ ಕರ್ನಾಟಕ ಹೋರಾಟ ಸಮಿತಿ’ ಕಟ್ಟಿಕೊಂಡು ವರ್ಷಗಟ್ಟಲೆ ಪಟ್ಟು ಹಿಡಿದರು. ಆ ಭಾಗದ ಎಷ್ಟೋ ಮಂದಿ ದನಿಗೂಡಿಸಿದರು. ಒಮ್ಮೆ ಕೇಂದ್ರ ಸರ್ಕಾರ ಆಗುವುದಿಲ್ಲ ಎಂದೂ ಹೇಳಿತ್ತು. ಕೊನೆಗೆ 2012ರಲ್ಲಿ ಸಂಸತ್ತು ಸಂವಿಧಾನಕ್ಕೆ 98ನೇ ತಿದ್ದುಪಡಿ ತಂದಿತು. ಸಮಿತಿಯ ಹೆಸರಿನಲ್ಲಿದ್ದ ಆ ಮೂರಕ್ಷರ ಈಗ ಸಾವಿರಾರು ನೇಮಕಾತಿ ಆದೇಶಗಳಲ್ಲಿ ‘371ಜೆ’ ಎಂಬ ಬೇರೆ ರೂಪದಲ್ಲಿ ಕೂತಿದೆ.

ನಮ್ಮ ತಾಲ್ಲೂಕನ್ನೂ ಅದಕ್ಕೆ ಸೇರಿಸಬೇಕೆಂಬ ಕೂಗು ಆಗಾಗ ಏಳುತ್ತದೆ. ಬಳ್ಳಾರಿ 1953ರವರೆಗೆ ಮದ್ರಾಸ್ ರಾಜ್ಯದಲ್ಲಿತ್ತು, ಹೈದರಾಬಾದ್ ಸಂಸ್ಥಾನದಲ್ಲಿ ಅಲ್ಲ. ಅದು ಸೇರಬಹುದಾದರೆ ಅದರ ಪಕ್ಕದಲ್ಲೇ ಇರುವ, ಅಷ್ಟೇ ಒಣಗಿದ ಮೊಳಕಾಲ್ಮುರು ಏಕೆ ಬೇಡ ಎಂಬುದು ಹಿರಿಯರ ವಾದ. ಕಾನೂನಿನ ಲೆಕ್ಕದಲ್ಲಿ ಇದು ಎಷ್ಟು ಗಟ್ಟಿ ಎಂಬುದು ಬೇರೆ ಮಾತು, ಬಸ್ ನಿಲ್ದಾಣದಲ್ಲಿ ಮಾತ್ರ ಇದನ್ನು ಯಾರೂ ಸೋಲಿಸಿಲ್ಲ. ಕೂಗು ಎದ್ದಾಗ ಮನವಿ ಪತ್ರ, ಫೋಟೊ, ‘ಉಗ್ರ ಹೋರಾಟ’ದ ಎಚ್ಚರಿಕೆ. ಆಮೇಲೆ ಶೇಂಗಾ ಬಿತ್ತನೆ ಬರುತ್ತದೆ, ಚುನಾವಣೆ ಬರುತ್ತದೆ, ಮಾತು ತಣ್ಣಗಾಗುತ್ತದೆ. ಸರ್ಕಾರಿ ನೌಕರಿಯ ಆನ್‌ಲೈನ್ ಅರ್ಜಿಯಲ್ಲಿ ‘371ಜೆ ಅಡಿ ಮೀಸಲಾತಿ ಕೋರುತ್ತೀರಾ’ ಎಂಬ ಪ್ರಶ್ನೆ ಬರುತ್ತದೆ. ಗಡಿಯಾಚೆಯ ಹಳ್ಳಿಯ ನನ್ನ ಗೆಳೆಯ ‘ಹೌದು’ ಒತ್ತುತ್ತಾನೆ. ರಾಂಪುರದ ನಾವು ‘ಇಲ್ಲ’ ಒತ್ತಿ ಮುಂದಿನ ಪುಟಕ್ಕೆ ಹೋಗುತ್ತೇವೆ.